ಹಳೇ ಕಂಪ್ಯೂಟರಿಗೆ ಯಾವ ರ‍್ಯಾಮ್?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರ್ 2014ರದ್ದು. ಇಂಟೆಲ್ ಐ3, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್. ಮನೆಯಲ್ಲೇ ಕೂತು ಎರಡು ಅಂಗಡಿಗಳ ಲೆಕ್ಕ ಟ್ಯಾಲಿಯಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುವುದಿಲ್ಲ. ಅಳಿಯ ಡಿಡಿಆರ್4 16 ಜಿಬಿ ಹಾಕಿಸಿ ಎನ್ನುತ್ತಾನೆ. ಆನ್‌ಲೈನ್‌ನಲ್ಲಿ 8 ಜಿಬಿ ಸರ್ವರ್ ರ‍್ಯಾಮ್ ತುಂಬಾ ಕಡಿಮೆಗೆ ಕಾಣಿಸಿತು. ಯಾವುದು ತಗೊಳ್ಳಲಿ? ಹಳೆಯದರ ಸ್ಟಿಕ್ಕರ್ ಫೋಟೋ ಕಳಿಸಿದ್ದೇನೆ.
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಎರಡೂ ಬೇಡ ಅಕ್ಕ. ಅಳಿಯನಿಗೆ ಬೇಜಾರಾಗುವುದು ಬೇಡ, ಅವನು ಹೇಳಿದ್ದು ಹೊಸ ಬೋರ್ಡಿಗೆ ಸರಿ. ನಿಮ್ಮ ಎಚ್81 ಬೋರ್ಡಿಗೆ ಹಿಂದಿನ ತಲೆಮಾರಿನ ಡಿಡಿಆರ್3 ಮಾತ್ರ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ನಡುವಿನ ಕಚ್ಚು ಇರುವ ಜಾಗವೂ ಬೇರೆ. ಕೂರುವುದಿಲ್ಲ ಅಂತ ಒತ್ತಿದರೆ ಸ್ಲಾಟ್ ಹೋಗುತ್ತದೆ, ಅಷ್ಟೇ.

ಫೋಟೋ ಕಳಿಸಿ ಒಳ್ಳೆಯದು ಮಾಡಿದಿರಿ. ಅದರಲ್ಲಿ ಹೀಗುಂಟು: 4ಜಿಬಿ 1ಆರ್×8 ಪಿಸಿ3-12800ಯು. ಪಿಸಿ3 ಅಂದರೆ ಡಿಡಿಆರ್3. 12800 ಅನ್ನು 8ರಿಂದ ಭಾಗಿಸಿ, 1600 ಬರುತ್ತದೆ. ಅದು ಸ್ಪೀಡ್. ಕೊನೆಯ 'ಯು' ಇದೆಯಲ್ಲ, ಅದನ್ನು ಯಾರೂ ನೋಡುವುದಿಲ್ಲ. ದುಡ್ಡು ಹಾಳಾಗುವುದು ಅಲ್ಲೇ. ಮನೆಯ ಕಂಪ್ಯೂಟರಿಗೆ 'ಯು' ಬೇಕು. ನೀವು ನೋಡಿದ ಸರ್ವರ್ ರ‍್ಯಾಮಿನಲ್ಲಿ ಸಾಮಾನ್ಯವಾಗಿ ಆ ಜಾಗದಲ್ಲಿ 'ಆರ್' ಇರುತ್ತದೆ. ಪಿನ್ ಅಷ್ಟೇ, ಕಚ್ಚು ಅಲ್ಲೇ, ಚಂದವಾಗಿ ಕೂತುಕೊಳ್ಳುತ್ತದೆ. ಆದರೆ ಸ್ಕ್ರೀನ್ ಕಪ್ಪು. ಅಂಥದ್ದನ್ನು ಹಿಡಿದುಕೊಂಡು "ಬೋರ್ಡ್ ಹೋಯ್ತಾ ನೋಡಿ" ಅಂತ ನನ್ನ ಅಂಗಡಿಗೆ ಬರುವವರು ಈಗಲೂ ಇದ್ದಾರೆ. ಬೋರ್ಡಿಗೆ ಏನೂ ಆಗಿರುವುದಿಲ್ಲ ಮಾರಾಯ್ರೇ.

ಇನ್ನೊಂದು ಬಲೆ 'ಎಎಂಡಿಗೆ ಮಾತ್ರ' (ಎಎಂಡಿ ಅಂದರೆ ಇಂಟೆಲ್ ಥರದ್ದೇ ಇನ್ನೊಂದು ಪ್ರೊಸೆಸರ್ ಕಂಪನಿ) ಅಂತ ಮಾರುವ ಅಗ್ಗದ ಡಿಡಿಆರ್3. ಅದರಲ್ಲಿ ನಿಮ್ಮ ಸ್ಟಿಕ್ಕರಿನಲ್ಲಿರುವ ×8 ಬದಲು ×4 ಚಿಪ್ ಇರುತ್ತದೆ. ಇಂಟೆಲ್ ಡೆಸ್ಕ್‌ಟಾಪ್ ಬೋರ್ಡ್ ಅದನ್ನು ಒಪ್ಪುವುದಿಲ್ಲ. ಪಿಸಿ3ಎಲ್ ಅಂತ ಕಂಡರೆ ಹೆದರಬೇಡಿ. ಅದು 1.35 ವೋಲ್ಟಿನದ್ದು, ನಿಮ್ಮ 1.5 ವೋಲ್ಟಿನ ಬೋರ್ಡಿನಲ್ಲೂ ಓಡುತ್ತದೆ.

ಈಗ ಎಷ್ಟು ಹಾಕಿಸಬೇಕು ಅನ್ನುವುದು. ಎಚ್81ರಲ್ಲಿ ಎರಡೇ ಸ್ಲಾಟ್, ಒಟ್ಟು 16 ಜಿಬಿ ಮಿತಿ. ನನ್ನನ್ನು ಕೇಳಿದರೆ ಹಳೆಯ 4 ಇರಲಿ, ಖಾಲಿ ಸ್ಲಾಟಿಗೆ 8 ಜಿಬಿಯ ಒಂದೇ ಒಂದು ಹಾಕಿ. ಒಟ್ಟು 12. ಟ್ಯಾಲಿ, ಪೋರ್ಟಲ್, ಕ್ರೋಮ್ ಎಲ್ಲದಕ್ಕೂ ಧಾರಾಳ. ಜೋಡಿ ಸಮ ಇಲ್ಲದಿದ್ದರೆ ವೇಗ ಸ್ವಲ್ಪ ಕಡಿಮೆ ನಿಜ, ಲೆಕ್ಕ ಬರೆಯುವಾಗ ಅದು ಗೊತ್ತೇ ಆಗುವುದಿಲ್ಲ. ಮೊದಲು ವಿಂಡೋಸ್ 64 ಬಿಟ್‌ನದ್ದಾ ನೋಡಿಕೊಳ್ಳಿ. 32 ಬಿಟ್ ಆದರೆ 4 ಜಿಬಿಗಿಂತ ಜಾಸ್ತಿ ಹಾಕಿದ್ದು ಸುಮ್ನೆ ದಂಡ.

16 ಜಿಬಿಗೆ ಸುರಿಯುವ ದುಡ್ಡು ಉಳಿಸಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ. 2014ರ ಹಾರ್ಡ್ ಡಿಸ್ಕ್ ಇನ್ನೂ ಇದ್ದರೆ ನಿಮ್ಮ ತೊಂದರೆಯ ಅರ್ಧ ಪಾಲು ಅದರದ್ದೇ. ಅದಕ್ಕಿಂತ ಮೇಲೆ ಈ ಯಂತ್ರಕ್ಕೆ ಖರ್ಚು ಮಾಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇಷ್ಟು ಹಳೆಯ ಐ3 ಇಲ್ಲ.

ಉಡುಪಿಯಲ್ಲೇ ಸಿಗುತ್ತದೆ, ಇದಕ್ಕಾಗಿ ಮಂಗಳೂರಿನ ಹಂಪನಕಟ್ಟೆಯವರೆಗೆ ಬರಬೇಡಿ. ಹಳೇ ರ‍್ಯಾಮನ್ನೇ ಕಾಗದದಲ್ಲಿ ಸುತ್ತಿ ಕೊಂಡುಹೋಗಿ ತೋರಿಸಿ. "ಆಗದಿದ್ದರೆ ವಾಪಸ್ ಉಂಟಾ?" ಅಂತ ಮೊದಲೇ ಕೇಳಿ, ಬಿಲ್ ತಗೊಳ್ಳಿ.

ಹಾಕುವಾಗ ಪವರ್ ಕೇಬಲ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕೈ ಹಾಕಿ. ನಮ್ಮ ಕಡಲ ಗಾಳಿಗೆ ಹಳೇ ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿ ಮಬ್ಬಾಗಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ. 'ಟಕ್' ಅಂತ ಕೇಳುವವರೆಗೆ ಒತ್ತಿ. ಆನ್ ಮಾಡಿದಾಗ ಬರೀ ಬೀಪ್ ಬಂದರೆ ತೆಗೆದು ಇನ್ನೊಮ್ಮೆ ಕೂರಿಸಿ. 12 ಜಿಬಿ ತೋರಿಸಿದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ ಓಡಿಸಿ. ದೋಷ ತೋರಿಸಿದರೆ ಹಳೆಯದನ್ನು ತೆಗೆದು, ಈಗ ತಂದದ್ದನ್ನು ಮಾತ್ರ ಇಟ್ಟು ಮತ್ತೆ ಓಡಿಸಿ. ಆಗಲೂ ತೋರಿಸಿದರೆ ಬಿಲ್ ಹಿಡಿದು ಅಂಗಡಿಗೆ.