ಮಗಳ ಪ್ರಬಂಧವನ್ನು ‘ಎಐ ಬರೆದದ್ದು’ ಎಂದರೆ: ಸಿಂಧನೂರಿನ ತಂದೆಯವರಿಗೆ ಉತ್ತರ

ನಮಸ್ಕಾರ ಸರ್. ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ತಾನೇ ಬರೆದ ಇಂಗ್ಲಿಷ್ ಪ್ರಬಂಧವನ್ನು ತಪಾಸಣಾ ತಂತ್ರಾಂಶ ‘ಎಐ (ಕೃತಕ ಬುದ್ಧಿಮತ್ತೆ) ಬರೆದದ್ದು’ ಎಂದಿತು, ಕಾಲೇಜಿನವರು ಅಂಕ ತಡೆದರು, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಮಗಳಿಗೆ ಧೈರ್ಯ ಹೇಳಿ.

ಇಂಥ ತಂತ್ರಾಂಶಗಳಲ್ಲಿ ಹಲವು ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಎಂಬುದನ್ನು; ಸುಲಭವಾಗಿ ಸಿಕ್ಕಷ್ಟೂ ಯಂತ್ರ ಬರೆದದ್ದೆಂದು ಶಂಕಿಸುತ್ತವೆ. ನಾನು ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ಬರುವ ಮಕ್ಕಳು ಎಲ್ಲಿ ತಪ್ಪಾದೀತೋ ಎಂದು ಹೆದರಿ, ಬಾಯಿಪಾಠವಾದ ನಾಲ್ಕಾರು ವಾಕ್ಯಗಳ ಅಚ್ಚಿನಲ್ಲೇ ಬರೆಯುತ್ತಾರೆ. ಊರಿನ ಬಗ್ಗೆ ಬರೆಯಿರಿ ಎಂದರೆ ಅರ್ಧ ತರಗತಿ ‘ನನ್ನ ಊರು ಬಹಳ ಸುಂದರವಾಗಿದೆ’ ಎಂದೇ ಶುರುಮಾಡುತ್ತದೆ. ಆ ಹೆದರಿಕೆ ಯಂತ್ರದ ಕಣ್ಣಿಗೆ ಯಂತ್ರದಂತೆಯೇ ಕಾಣುತ್ತದೆ. ಇದು ನನಗೆ ನಿಜಕ್ಕೂ ಸಂಕಟ ತರುವ ಅನ್ಯಾಯ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳ ಮೇಲೆ ಸುಳ್ಳು ಆರೋಪ ಬಂತು. ಅದೇ ವರ್ಷದ ಜುಲೈನಲ್ಲಿ, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆ ನಿಖರತೆ ಸಾಲದೆಂದು ತನ್ನದೇ ಪತ್ತೆ ಸಾಧನವನ್ನು ಹಿಂತೆಗೆದುಕೊಂಡಿತು. ಮನವಿಯಲ್ಲಿ ಈ ಎರಡನ್ನೂ ಬರೆಯಿರಿ.

ಮನವಿ ಪ್ರಾಂಶುಪಾಲರಿಗೇ ಹೋಗಲಿ, ಸ್ವೀಕೃತಿ ಪಡೆಯಿರಿ. ಕರಡು ಹಾಳೆಗಳಿದ್ದರೆ ಬಿಸಾಡಬೇಡಿ: ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ಕನ್ನಡ ಅರ್ಥಗಳು ತಂತ್ರಾಂಶ ತೋರಿಸುವ ಯಾವ ಶೇಕಡಾವಾರಿಗಿಂತಲೂ ಗಟ್ಟಿ ಸಾಕ್ಷಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಹಳೆಯ ಆವೃತ್ತಿಗಳೂ ಸಿಗುತ್ತವೆ. ಅಧ್ಯಾಪಕರು ಹತ್ತು ನಿಮಿಷ ಅವಳನ್ನು ಕೂರಿಸಿ ಅದೇ ವಿಷಯ ಕೇಳಲಿ, ಕನ್ನಡದಲ್ಲಿ ವಿವರಿಸಲೂ ಬಿಡಲಿ ಎಂದು ಒತ್ತಾಯಿಸಿ.