ಐದೇ ದಿನ ರೇಡಿಯೇಷನ್ ಅಂದರೆ ಕೈಬಿಟ್ಟರು ಅಂತಲ್ಲ

ಪ್ರಶ್ನೆ: ಅಪ್ಪನಿಗೆ 68 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ಕೆಮ್ಮಿದಾಗ ರಕ್ತ ಬರುತ್ತದೆ, ಈಗೀಗ ತುಂಬಾ ಸೊರಗಿದ್ದಾರೆ. ಗುಣ ಆಗುವುದಿಲ್ಲ ಎಂದ ಡಾಕ್ಟರೇ ಐದು ದಿನ ರೇಡಿಯೇಷನ್ ಕೊಡೋಣ ಅನ್ನುತ್ತಾರೆ. ಪರಿಚಯದವರೊಬ್ಬರಿಗೆ ಆರು ವಾರ ಕೊಟ್ಟಿದ್ದರು. ನಮಗ್ಯಾಕೆ ಐದೇ ದಿನ? ಗುಣ ಆಗದಿದ್ದರೆ ಸುಮ್ನೆ ಯಾಕೆ ಹಿಂಸೆ?

ಉತ್ತರ: ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕಡಿಮೆ ದಿನ ಕೊಟ್ಟರೆ ಕಾಳಜಿಯೂ ಕಡಿಮೆ ಅನ್ನುವ ಅನುಮಾನ ಪ್ರತಿ ಸಲವೂ ಅದರೊಳಗಿರುತ್ತದೆ. ದಯವಿಟ್ಟು ಅದನ್ನು ಬಿಡಿ.

ಆರು ವಾರದಲ್ಲಿ ಸುಮಾರು 60 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಕೊಡುವುದು ಗಡ್ಡೆಯನ್ನು ಪೂರ್ತಿ ನಾಶ ಮಾಡುವ ಆಸೆ ಇದ್ದಾಗ. ನಿಮ್ಮ ತಂದೆಯ ಕಾಯಿಲೆ ಎದೆ ದಾಟಿ ಹೋಗಿದೆ. ಎದೆಗೆ ಅಷ್ಟು ಸುರಿದರೆ ಅನ್ನನಾಳ ಬೆಂದೀತು, ಕಾಯಿಲೆ ಹೋಗದು. ಈಗ ಬೇಕಿರುವುದು ರಕ್ತ ನಿಲ್ಲುವುದು, ನೋವು ತಗ್ಗುವುದು. ಅದಕ್ಕೆ ಐದು ದಿನಕ್ಕೆ 20 ಗ್ರೇ ಸಾಕು. ತುಂಬಾ ಸುಸ್ತಾದವರಿಗೆ ಒಂದೇ ದಿನ 8 ಅಥವಾ 10 ಗ್ರೇ, ಇಲ್ಲವೇ ವಾರದ ಅಂತರದಲ್ಲಿ ಎರಡು ಸಲ ಸೇರಿ 17 ಗ್ರೇ ಕೊಡುವುದೂ ಉಂಟು. ಓಡಾಡಿಕೊಂಡು ಗಟ್ಟಿಯಾಗಿರುವವರಿಗೆ ಹತ್ತು ದಿನ ಅಥವಾ ಇನ್ನೂ ಸ್ವಲ್ಪ ಹೆಚ್ಚು ಕೊಟ್ಟರೆ ಆಯಸ್ಸು ಸ್ವಲ್ಪ ಹೆಚ್ಚಬಹುದು, ಆದರೆ ನುಂಗುವಾಗಿನ ಉರಿಯೂ ಜಾಸ್ತಿ. ಸೊರಗಿದವರಿಗೆ ಆ ಲಾಭ ಸಿಗುವುದಿಲ್ಲ. ಆಸ್ಪತ್ರೆಗೆ ಅಲೆಯುವ ದಿನಗಳನ್ನು ಉಳಿಸುವುದೂ ಚಿಕಿತ್ಸೆಯೇ ಅಲ್ವಾ?

ಹಿಂಸೆಯ ಮಾತಿಗೆ ಬರೋಣ. ಕಿರಣ ಬೀಳುವಾಗ ಏನೂ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ದಿನ ಎದೆನೋವು ಏರಬಹುದು, ಜ್ವರ ಬರಬಹುದು. ಆಮೇಲೆ ನುಂಗಲು ಕೆಲವು ವಾರ ಕಷ್ಟ, ಮೆತ್ತಗಿನ ಊಟ ಕೊಡಿ. ನೋವು ತಗ್ಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ನೋವಿನ ಮಾತ್ರೆ ನೀವೇ ನಿಲ್ಲಿಸಬೇಡಿ. ಕೆಲವು ತಿಂಗಳಾದ ಮೇಲೆ ಒಣಕೆಮ್ಮು, ಏದುಸಿರು ಹೊಸದಾಗಿ ಶುರುವಾದರೆ ಶೀತ ಅಂದುಕೊಂಡು ಕೂರಬೇಡಿ, ರೇಡಿಯೇಷನ್ನಿಂದ ಶ್ವಾಸಕೋಶಕ್ಕೆ ಉರಿಯೂತ ಬಂದಿರಬಹುದು.

ಇದು ಚೆನ್ನಾಗಿ ಕೆಲಸ ಮಾಡುವುದು ರಕ್ತ ನಿಲ್ಲಿಸುವುದರಲ್ಲಿ. ಕೆಮ್ಮು, ಉಬ್ಬಸಕ್ಕೆ ಅಷ್ಟು ಖಾತ್ರಿ ಇಲ್ಲ. ಶ್ವಾಸಕೋಶದ ಸುತ್ತ ನೀರು ತುಂಬಿ ಉಸಿರು ಕಟ್ಟುತ್ತಿದ್ದರೆ ಆ ನೀರನ್ನು ತೆಗೆಯಬೇಕು, ರೇಡಿಯೇಷನ್ ಅದಕ್ಕಲ್ಲ. ಬಾಯಿತುಂಬ ರಕ್ತ ಬಂದರೆ, ಮುಖ ಕುತ್ತಿಗೆ ಊದಿದರೆ, ಬೆನ್ನುನೋವಿನ ಜೊತೆ ಕಾಲಿನ ಬಲ ಹೋಗುತ್ತಿದ್ದರೆ ರೇಡಿಯೇಷನ್ ತಾರೀಖಿಗೆ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ.

ನನಗೆ ಸಿಟ್ಟು ಬರುವುದು ತಡಮಾಡುವವರ ಮೇಲೆ. "ನೋಡೋಣ" ಅನ್ನುತ್ತಾ ರೋಗಿ ಹಾಸಿಗೆ ಹಿಡಿದ ಮೇಲೆ ಕರೆತರುತ್ತಾರೆ. ಕೊನೆಯ ದಿನಗಳಲ್ಲಿರುವವರಿಗೆ ನಾನು ರೇಡಿಯೇಷನ್ ಕೊಡುವುದಿಲ್ಲ. ಅದರ ಫಲ ಸಿಗುವಷ್ಟು ಸಮಯ ಅವರಿಗೆ ಇರುವುದಿಲ್ಲ. ನಿಮ್ಮ ತಂದೆಗೆ ಈಗ ಇದೆ. ಕೊಡಿಸಿ.

ಪ್ರಶ್ನೆ: ರೇಡಿಯೇಷನ್ ಆದವರ ಹತ್ತಿರ ಮಗುವನ್ನು ಬಿಡಬಹುದಾ?

ಮೆಷಿನ್ನಿಂದ ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗುವನ್ನು ಅಜ್ಜನಿಂದ ದೂರ ಇಡಬೇಡಿ.

ಪ್ರಶ್ನೆ: ಎದೆಗೆ ಕೊಟ್ಟರೆ ತಲೆಕೂದಲು ಉದುರುತ್ತದಾ?

ಇಲ್ಲ.

ಪ್ರಶ್ನೆ: ಗಡ್ಡೆ ಕರಗಿಸುವ ಪುಡಿ ಕೊಡುವವರಿದ್ದಾರೆ. ಮೊದಲು ಅದನ್ನು ನೋಡಿ, ಆಮೇಲೆ ರೇಡಿಯೇಷನ್ ಮಾಡಿಸಬಹುದಾ?

ಬೇಡ. ಹೆದರಿದ ಮನೆಯವರನ್ನು ನೋಡಿಯೇ ಇವರು ಅಂಗಡಿ ತೆರೆಯುತ್ತಾರೆ. ಪುಡಿಯಲ್ಲಿ ಏನಿದೆ ಅಂತ ಕೇಳಿ, ಹೇಳುವುದಿಲ್ಲ. ರಕ್ತ ಜಾಸ್ತಿಯಾದಾಗ ಫೋನನ್ನೂ ಎತ್ತುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಪ್ರಶ್ನೆ: ನಮ್ಮನ್ನು ಪ್ಯಾಲಿಯೇಟಿವ್ ವಿಭಾಗಕ್ಕೆ ಕಳಿಸಿದ್ದಾರೆ. ಎಲ್ಲ ಮುಗಿಯಿತಾ?

ಇಲ್ಲ. ಪ್ಯಾಲಿಯೇಟಿವ್ ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ. ಹರಡಿದ ಶ್ವಾಸಕೋಶ ಕ್ಯಾನ್ಸರಿನವರ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶುರುವಿನಿಂದಲೇ ಈ ಆರೈಕೆಯೂ ಸಿಕ್ಕ ಗುಂಪಿನವರು ಹೆಚ್ಚು ನೆಮ್ಮದಿಯಾಗಿದ್ದರು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳಿಗಿಂತ ಹೆಚ್ಚು ಬದುಕಿದರು, ಉಳಿದ ಗುಂಪಿನಲ್ಲಿ ಅದು 8.9 ತಿಂಗಳು. ಈ ವಾರವೇ ಹೋಗಿ.