ಟ್ರಾನ್ಸ್‌ಮಿಷನ್ ಎಣ್ಣೆ ನಾವೇ ಬದಲಾಯಿಸಬಹುದಾ? ಹಾಸನದಿಂದ ಹೊಸದಾಗಿ ಬಂದವರಿಗೊಂದು ಉತ್ತರ

ನೀವು ಕೇಳಿದ್ದು ಇಷ್ಟು: ಹಾಸನದಿಂದ ಅಮೆರಿಕಕ್ಕೆ ಬಂದು ಎಂಟು ತಿಂಗಳಾಯ್ತು, 2009ರ ಹೋಂಡಾ ಒಡಿಸ್ಸಿ ವ್ಯಾನ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೀರಿ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರ್ತಾರೆ. ಅಂಗಡಿಯವನು ಟ್ರಾನ್ಸ್‌ಮಿಷನ್, ಅಂದರೆ ನಮ್ಮ ಗೇರ್‌ಬಾಕ್ಸ್, ಫ್ಲಶ್ ಮಾಡಿಸಿ ಅಂದ, ರೇಟು ಕೇಳಿ ಎದೆ ಧಸಕ್ ಅಂತು. "ಊರಲ್ಲಾಗಿದ್ರೆ ಬಿ.ಎಂ. ರೋಡಿನ ಗ್ಯಾರೇಜಿಗೆ ಬಿಟ್ಟು ಕಾಫಿ ಕುಡಿದು ಬರ್ತಿದ್ದೆ. ಇಲ್ಲಿ ಎಲ್ಲಾನೂ ನಾವೇ ಮಾಡ್ಕೋಬೇಕಾ ಅಣ್ಣಾ?"

ಎಲ್ಲಾನೂ ಅಲ್ಲ. ಇಲ್ಲಿ ಸಾಮಾನಿಗಿಂತ ಕೈಕೂಲಿ ದುಬಾರಿ, ಅದೂ ಗಂಟೆ ಲೆಕ್ಕ. ಹಾಗಾಗಿ ಯಾವ ಕೆಲಸ ನಮ್ಮದು, ಯಾವುದು ಅಂಗಡಿಯದು ಅಂತ ಮೊದಲೇ ವಿಂಗಡಿಸಿಕೊಳ್ಳಬೇಕು. ನಿಮ್ಮ ಗಾಡಿಯ ಟೈಮಿಂಗ್ ಬೆಲ್ಟ್ ಅಂಗಡಿಗೇ ಕೊಡಿ. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಕೈಕೊಡುತ್ತೆ. ಟ್ರಾನ್ಸ್‌ಮಿಷನ್ ಎಣ್ಣೆ ಬದಲಾಯಿಸೋದು ಹಾಗಲ್ಲ. ಎಣ್ಣೆ ಇಳಿಸೋ ತೂತಿನ ಒಂದು ಪ್ಲಗ್ಗು, ಒಂದು ವಾಷರ್, ಮೂರು ಕ್ವಾರ್ಟ್ (ಲೀಟರಿಗಿಂತ ಚೂರು ಕಮ್ಮಿಯ ಅಳತೆ) ಎಣ್ಣೆ. ಇದರಲ್ಲಿ ಕೈಚಳಕಕ್ಕಿಂತ ಅಳತೆಯೇ ಮುಖ್ಯ.

ಊರಿನ ಜೀಪು, ಟೆಂಪೋಗಳ ಗೇರ್‌ಬಾಕ್ಸ್ ಎಣ್ಣೆಗೆ ಹಲ್ಲುಗಳು ಸವೆಯದಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸ. ಆಟೊಮ್ಯಾಟಿಕ್ ಗೇರಿನ ಎಣ್ಣೆ, ಅಂದರೆ ಎಟಿಎಫ್, ಮೂರು ಕೆಲಸ ಒಟ್ಟಿಗೆ ಮಾಡುತ್ತೆ. ಅದರ ಒತ್ತಡದಿಂದಲೇ ಗೇರ್ ಬೀಳುತ್ತೆ, ಒಳಗಿನ ಕ್ಲಚ್ ತಟ್ಟೆಗಳ ಹಿಡಿತವೂ ಅದರ ಗುಣದ ಮೇಲೇ ನಿಂತಿದೆ, ಜೊತೆಗೆ ಬಿಸಿಯನ್ನೂ ಹೊತ್ತೊಯ್ಯುತ್ತೆ. ಏಳು ಜನ, ಸೂಟ್‌ಕೇಸು ತುಂಬಿಕೊಂಡು ಶಿರಾಡಿಯಂಥ ಏರು ಹತ್ತಿಸಿದರೆ ಎಣ್ಣೆ ಕಾಯುತ್ತೆ, ಕಾದ ಎಣ್ಣೆ ಬೇಗ ಹಳಸುತ್ತೆ. ಅದಕ್ಕೇ ಇದರಲ್ಲಿ ಜಾತಿ ಬೆರೆಸೋ ಹಾಗಿಲ್ಲ. ನಿಮ್ಮ 2009ರ ಗಾಡಿಗೆ ಮೊದಲು ಬಂದಿದ್ದು ಹೋಂಡಾ ಝಡ್-1. ಈಗ ಅದರ ಜಾಗದಲ್ಲಿ ಡಿಡಬ್ಲ್ಯೂ-1 ಹಾಕಬೇಕು. "ಎಲ್ಲ ಗಾಡಿಗೂ ಆಗುತ್ತೆ" ಅಂತ ಬರೆದ ಡಬ್ಬಿಗಳೂ ಸಿಗುತ್ತವೆ. ಉಳಿಯೋ ದುಡ್ಡು ನೋಡಿದರೆ ಆ ಸಾಹಸ ಬೇಡ ಅನ್ನೋದೇ ನನ್ನ ಮಾತು.

ಫ್ಲಶ್ ಅಂದರೆ ಯಂತ್ರ ಕೂಡಿಸಿ ಹಳೇ ಎಣ್ಣೆಯನ್ನೆಲ್ಲ ಒಂದೇ ಸಲ ಹೊರಗೆ ನೂಕೋದು. ಹೋಂಡಾ ಹೇಳೋ ಕ್ರಮ ಅದಲ್ಲ: ಪ್ಲಗ್ಗು ಬಿಚ್ಚಿ ಬಿದ್ದಷ್ಟು ಬೀಳಿಸಿ, ಅಷ್ಟೇ ತುಂಬೋದು. ಹೀಗೆ ಮಾಡಿದರೆ ಒಳಗಿರೋ ಸುಮಾರು ಎಂಟು ಕ್ವಾರ್ಟಿನಲ್ಲಿ ಮೂರು ಮಾತ್ರ ಬೀಳುತ್ತೆ; ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನ ಗೇರಿಗೆ ದಾಟಿಸೋ ಭಾಗ), ಕೂಲರ್ ಪೈಪುಗಳಲ್ಲೇ ಕೂತಿರುತ್ತೆ. ಎಂಟು ಲೋಟ ಹಳಸಿದ ಮಜ್ಜಿಗೆಯಲ್ಲಿ ಮೂರು ಲೋಟ ಚೆಲ್ಲಿ ಮೂರು ಲೋಟ ಹೊಸದು ಬೆರೆಸಿದ ಹಾಗೆ. ಒಂದು ಸಲಕ್ಕೆ ನೂರರಲ್ಲಿ 37 ಪಾಲು ಹೊಸದಾಗುತ್ತೆ, ಎರಡನೇ ಸಲಕ್ಕೆ 61, ಮೂರನೇ ಸಲಕ್ಕೆ 76. ಹಿಂದಿನ ಓನರ್ ಯಾವಾಗ ಬದಲಾಯಿಸಿದ್ದ ಅಂತ ಗೊತ್ತಿಲ್ಲದ ಗಾಡಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಮಾಡಿ. ಅಲ್ಲಿಂದಾಚೆಗೆ ಡ್ಯಾಶ್‌ಬೋರ್ಡಿನಲ್ಲಿ ಎ3 ಅಥವಾ ಬಿ3 ಅಂತ ಬಂದಾಗ ಒಂದು ಸಲ ಮಾಡಿದರೆ ಸಾಕು. ಆ 3 ಅನ್ನೋ ಅಂಕಿಯೇ ಟ್ರಾನ್ಸ್‌ಮಿಷನ್ ಎಣ್ಣೆಯ ಗುರುತು.

ಡೀಲರ್ ಹತ್ತಿರ ಪಾರ್ಟ್ಸ್ ಕೌಂಟರಿಗೆ ನೇರವಾಗಿ ಹೋಗಿ. ಗಾಡಿಯ ವಿನ್ ನಂಬರ್, ಅಂದರೆ ನಮ್ಮ ಚಾಸಿ ನಂಬರ್, 17 ಅಕ್ಷರದ್ದು, ಹೇಳಿ ಡಿಡಬ್ಲ್ಯೂ-1 ಹತ್ತು ಕ್ವಾರ್ಟ್ ತಗೊಳ್ಳಿ. ಒಂದು ಕ್ವಾರ್ಟ್ ಅಂದರೆ 946 ಮಿಲಿ. ಲೀಟರ್ ಅಂದುಕೊಂಡು ಲೆಕ್ಕ ಹಾಕಬೇಡಿ. ಡ್ರೇನ್ ಪ್ಲಗ್ಗಿನ 18 ಮಿಲಿಮೀಟರ್ ಅಲ್ಯೂಮಿನಿಯಂ ವಾಷರ್ ಮೂರು, ಪಾರ್ಟ್ ನಂಬರ್ 90471-ಪಿಎಕ್ಸ್4-000. ಹಳೇ ವಾಷರ್ ಒಂದು ಸಲ ಒತ್ತಿ ಚಪ್ಪಟೆಯಾದ ಮೇಲೆ ಮತ್ತೆ ಸರಿಯಾಗಿ ಕೂರಲ್ಲ, ಎಣ್ಣೆ ಜಿನುಗುತ್ತೆ. ಮಿಕ್ಕಿದ್ದು: 3/8 ಇಂಚಿನ ರ‍್ಯಾಚೆಟ್, ಅದೇ ಸೈಜಿನ ಉದ್ದ ಹಿಡಿಯ ಬ್ರೇಕರ್ ಬಾರ್, ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಟಾರ್ಕ್ ರೆಂಚ್, ಉದ್ದ ಮೂತಿಯ ಸಣ್ಣ ಲಾಳಿಕೆ, ಅಗಲವಾದ ಪ್ಯಾನು, ಕೈಗವಸು, ಹಳೇ ಬಟ್ಟೆ. ಟಾರ್ಕ್ ರೆಂಚ್ ಕೊಳ್ಳಲೇಬೇಕು ಅಂತಿಲ್ಲ. ಆಟೋಝೋನ್‌ನಂಥ ಅಂಗಡಿಗಳು ಡೆಪಾಸಿಟ್ ಇಟ್ಟುಕೊಂಡು ಕೊಡುತ್ತವೆ, ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಅಲ್ಲಿ ಸ್ಪ್ಯಾನರ್, ಬಾನೆಟ್ ಅಂದರೆ ಮುಖ ಮುಖ ನೋಡ್ತಾರೆ. ರೆಂಚ್ ಅನ್ನಿ, ಹುಡ್ ಅನ್ನಿ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಲೀಸ್ ಕಾಗದ ತೆಗೆದು ಓದಿ. ಪಾರ್ಕಿಂಗ್‌ನಲ್ಲಿ ಗಾಡಿ ರಿಪೇರಿ ಮಾಡಬಾರದು ಅಂತ ಬಹಳ ಕಡೆ ಬರೆದಿರುತ್ತೆ. ಸ್ವಂತ ಗ್ಯಾರೇಜು, ಸಮತಟ್ಟಾದ ಕಾಂಕ್ರೀಟು ಇರೋ ಸ್ನೇಹಿತರ ಮನೆ ನೋಡಿಕೊಳ್ಳಿ.

ಗಾಡಿ ಎತ್ತೋ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಗಾಡಿ ಜೊತೆ ಬರೋ ಜಾಕಿ ಟೈರ್ ಬದಲಾಯಿಸೋಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮೊದಲ ಸಲಕ್ಕೆ ಮುಂದಿನ ಎರಡು ಚಕ್ರ ಹತ್ತಿಸೋ ರ‍್ಯಾಂಪ್ ಸುಲಭ. ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯನ್ನ ಹೊರೋ ಕಬ್ಬಿಣದ ಕಾಲು, ಇಡೋದಾದರೆ ಡಾಂಬರಿನ ಮೇಲೆ ಹಾಗೇ ಇಡಬೇಡಿ, ಬಿಸಿಲಿಗೆ ಕಾಲುಗಳು ಮೆತ್ತಗೆ ಒಳಗಿಳಿಯುತ್ತವೆ. ಕೆಳಗೆ ದಪ್ಪ ಪ್ಲೈವುಡ್ ತುಂಡು ಹಾಕಿ. ಇಟ್ಟ ಮೇಲೆ ಗಾಡಿಯನ್ನ ಕೈಯಿಂದ ಜೋರಾಗಿ ಅಲುಗಿಸಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಎತ್ತಿ.

ಹತ್ತು ನಿಮಿಷ ಓಡಿಸಿ, ಆಮೇಲೆ ಅರ್ಧ ಗಂಟೆ ಆರಲು ಬಿಡಿ. ಎಣ್ಣೆ ಬೆಚ್ಚಗಿದ್ದರೆ ಚೆನ್ನಾಗಿ ಬೀಳುತ್ತೆ, ಕುದಿಯೋ ಹಾಗಿದ್ದರೆ ಕೈ ಸುಡುತ್ತೆ.

ಈಗ ಪ್ಲಗ್ಗು. ಬಹಳ ಜನ ಎಡವೋದು ಇಲ್ಲೇ. ಟ್ರಾನ್ಸ್‌ಮಿಷನ್ ಇರೋದು ಡ್ರೈವರ್ ಕಡೆ, ಅಂದರೆ ಇಲ್ಲಿ ಎಡಗಡೆ. ಊರಿನ ಅಭ್ಯಾಸಕ್ಕೆ ಬಲಗಡೆ ಹುಡುಕಬೇಡಿ. ಕೆಳಗೆ ಎರಡು ಡ್ರೇನ್ ಪ್ಲಗ್ಗು ಕಾಣುತ್ತವೆ. ಆರು ಮೂಲೆಯ ತಲೆ ಇರೋದು, 17ರ ರೆಂಚ್ ಕೂರೋದು ಎಂಜಿನ್ ಆಯಿಲಿನದು. ತಲೆಯ ನಡುವೆ ಚೌಕದ ಗುಳಿ ಇರೋದು ಟ್ರಾನ್ಸ್‌ಮಿಷನ್‌ದು. ಆ ಗುಳಿಗೆ 3/8 ರ‍್ಯಾಚೆಟ್ಟಿನ ಚೌಕ ಮೂತಿ ಸಾಕೆಟ್ ಇಲ್ಲದೆ ನೇರವಾಗಿ ಕೂರುತ್ತೆ. ಎಂಜಿನ್ ಆಯಿಲ್ ಬದಲಾಯಿಸೋಕೆ ಹೋಗಿ ಇದನ್ನ ಬಿಚ್ಚಿದವರು ಗೇರಿನ ಎಣ್ಣೆ ಖಾಲಿ ಮಾಡಿ ಎಂಜಿನ್ನಿಗೆ ದುಪ್ಪಟ್ಟು ತುಂಬಿ ಎರಡನ್ನೂ ಕೆಡಿಸಿಕೊಂಡಿರ್ತಾರೆ. ಬೀಳೋ ಎಣ್ಣೆ ಕಪ್ಪಗೆ ಎಂಜಿನ್ ಆಯಿಲಿನ ಹಾಗಿದ್ದರೆ ಅಲ್ಲೇ ನಿಲ್ಲಿಸಿ.

ಬಿಚ್ಚೋ ಮೊದಲು ಎಣ್ಣೆ ತುಂಬೋ ದಾರಿ ತೆರೆದುಕೊಳ್ಳಿ. ನಿಮ್ಮ ಗಾಡಿಗೆ ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡೋ ಕಡ್ಡಿ, ಇದೆ, ಹುಡ್ ಕೆಳಗೆ ಡ್ರೈವರ್ ಕಡೆ, ತಗ್ಗಿನಲ್ಲಿ ಅವಿತ ಹಾಗೆ. ಅದನ್ನ ಎಳೆದು ಪಕ್ಕಕ್ಕಿಟ್ಟು ಆಮೇಲೆ ಕೆಳಗೆ ಹೋಗಿ. ಚಳಿಗಾಲದ ರಸ್ತೆ ಉಪ್ಪಿಗೆ ಪ್ಲಗ್ಗು ತುಕ್ಕು ಹಿಡಿದು ಬಿಗಿಯಾಗಿದ್ದರೆ ಚೌಕದ ಗುಳಿಯಲ್ಲಿ ಕೂತ ಮಣ್ಣನ್ನ ಸ್ಕ್ರೂ ಡ್ರೈವರಿನಿಂದ ಕೆರೆದು ತೆಗೆಯಿರಿ. ಮೂತಿ ಬುಡದವರೆಗೆ ಕೂತರೆ ಮಾತ್ರ ಬ್ರೇಕರ್ ಬಾರಿಗೆ ಬಲ ಕೊಡಿ. ಅರ್ಧ ಕೂತಿದ್ದಾಗ ಬಲ ಹಾಕಿದರೆ ಗುಳಿ ಉರುಟಾಗುತ್ತೆ. ಪ್ಲಗ್ಗಿನ ಮುಖಕ್ಕೆ ಎದುರಾಗಿ ಅಪ್ರದಕ್ಷಿಣೆಯಾಗಿ ತಿರುಗಿಸಿ. ಮಲಗಿ ನೋಡುವಾಗ ದಿಕ್ಕು ಗೊಂದಲ ಆಗೋದು ಸಹಜ, ಬಿಗಿ ಮಾಡ್ತಾ ಇದ್ದೀರಾ ಅಂತ ಒಮ್ಮೆ ಯೋಚಿಸಿ. ಎಣ್ಣೆ ಮೊದಲು ನೇರವಾಗಿ ಬೀಳಲ್ಲ, ಮುಂದಕ್ಕೆ ಚಿಮ್ಮುತ್ತೆ. ಪ್ಯಾನನ್ನ ಒಂದು ಗೇಣು ಆಚೆಗೇ ಇಡಿ.

ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತ ಇರುತ್ತೆ. ಅದರ ಮೇಲೆ ವಿಭೂತಿ ಕಲಸಿದ ಹಾಗೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಗಾಬರಿ ಬೇಡ, ಮಾಮೂಲಿ ಸವೆತ. ಬೆರಳಿಗೆ ಚುಚ್ಚೋ ಚೂರು, ಹೊಳೆಯೋ ಹಾಳೆ ಸಿಕ್ಕರೆ, ಇಲ್ಲ ಎಣ್ಣೆ ಸುಟ್ಟ ವಾಸನೆ ಹೊಡೆದು ಗೇರ್ ಜಾರುತ್ತಾ ಇದ್ದರೆ, ರೋಗ ಎಣ್ಣೆಯದಲ್ಲ. ಟ್ರಾನ್ಸ್‌ಮಿಷನ್ ಕೆಲಸ ಮಾಡೋ ಅಂಗಡಿಗೇ ಹೋಗಬೇಕು. ಹೊಸ ಎಣ್ಣೆ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಿರುತ್ತೆ, ಹಳೆಯದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ. ಬಣ್ಣ ಒಂದನ್ನೇ ನೋಡಿ ಹೆದರಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅದೇ ಶರಬತ್ತಿನ ಬಣ್ಣ ಅಪಾಯ, ಡಬ್ಬಿ ಮೇಲಿಡಿ.

ಎಣ್ಣೆ ಹನಿ ಹನಿಯಾಗೋವರೆಗೆ ಇಪ್ಪತ್ತು ನಿಮಿಷ ಬಿಡಿ. ಹಳೇ ವಾಷರ್ ಪ್ಲಗ್ಗಿನ ಜೊತೆ ಬಂತಾ, ಇಲ್ಲ ಮೇಲೆ ಟ್ರಾನ್ಸ್‌ಮಿಷನ್‌ಗೇ ಅಂಟಿಕೊಂಡಿದೆಯಾ ನೋಡಿ. ಅಂಟಿದ್ದರ ಮೇಲೆ ಹೊಸದು ಸೇರಿ ಎರಡಾದರೆ ಸೋರೋದು ಖಂಡಿತ. ಪ್ಲಗ್ಗನ್ನ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಿಂದ 36 ಪೌಂಡ್-ಫುಟ್, ಅಂದರೆ 49 ನ್ಯೂಟನ್ ಮೀಟರ್. "ಇನ್ನೊಂದು ಸ್ವಲ್ಪ ಬಿಗಿ ಇರಲಿ" ಅನ್ನೋ ನಮ್ಮ ಚಟ ಇಲ್ಲಿ ಬೇಡ. ಟ್ರಾನ್ಸ್‌ಮಿಷನ್ ಮೈ ಅಲ್ಯೂಮಿನಿಯಂ, ಮರೆ, ಅಂದರೆ ತಿರುಪಿನ ಸುತ್ತು, ಕಿತ್ತು ಬಂದರೆ ಉಳಿಸಿದ್ದ ದುಡ್ಡಿನ ಹತ್ತು ಪಟ್ಟು ಹೋಗುತ್ತೆ.

ಅಳತೆಗೆ ಒಂದು ಗ್ಯಾಲನ್ನಿನ ಹಾಲಿನ ಕ್ಯಾನು ಸಾಕು, ಅದು ನಾಲ್ಕು ಕ್ವಾರ್ಟ್. ಮೊದಲೇ ಕ್ವಾರ್ಟ್ ಲೆಕ್ಕದಲ್ಲಿ ನೀರು ಹಾಕಿ ಮಾರ್ಕರಿನಿಂದ ಗೆರೆ ಎಳೆದು, ಚೆಲ್ಲಿ, ಒಂದು ಹನಿಯೂ ಇಲ್ಲದಂತೆ ಒಣಗಿಸಿಡಿ. ಬಿದ್ದ ಎಣ್ಣೆ ತಣ್ಣಗಾದ ಮೇಲೆ ಅದಕ್ಕೆ ಸುರಿಯಿರಿ, ಬಿಸಿ ಎಣ್ಣೆ ಹಿಗ್ಗಿರುತ್ತೆ. ಗೆರೆ ಎಲ್ಲಿಗೆ ಬಂತೋ ಅಷ್ಟೇ ಹೊಸದನ್ನ ಡಿಪ್‌ಸ್ಟಿಕ್ಕಿನ ತೂತಿಗೆ ಲಾಳಿಕೆ ಇಟ್ಟು ನಿಧಾನಕ್ಕೆ ಹಾಕಿ. ತೂತು ಸಣ್ಣದು, ಅವಸರ ಮಾಡಿದರೆ ಉಕ್ಕಿ ಎಲ್ಲ ಕಡೆ ಹರಿಯುತ್ತೆ.

ಬ್ರೇಕ್ ತುಳಿದುಕೊಂಡು ಸ್ಟಾರ್ಟ್ ಮಾಡಿ, ಒಂದೊಂದು ಗೇರಿನಲ್ಲೂ ನಾಲ್ಕೈದು ಸೆಕೆಂಡ್ ನಿಲ್ಲಿಸಿ ಪಾರ್ಕಿಗೆ ತನ್ನಿ. ಗಾಡಿ ಇಳಿಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ಓಡೋವರೆಗೆ ಬಿಸಿ ಮಾಡಿ, ಸಮತಟ್ಟಿನಲ್ಲಿ ನಿಲ್ಲಿಸಿ, ಆಫ್ ಮಾಡಿ. ಹೋಂಡಾದಲ್ಲಿ ಮಟ್ಟ ನೋಡೋದು ಎಂಜಿನ್ ಓಡುವಾಗ ಅಲ್ಲ, ಆಫ್ ಮಾಡಿದ 60ರಿಂದ 90 ಸೆಕೆಂಡಿನೊಳಗೆ. ಕಡ್ಡಿ ಒರೆಸಿ, ಪೂರ್ತಿ ತೂರಿಸಿ, ತೆಗೆದು ನೋಡಿ; ಎರಡು ಗುರುತಿನ ನಡುವೆ ಇರಬೇಕು. ಕಮ್ಮಿ ಇದ್ದರೆ ಕಾಲು ಕ್ವಾರ್ಟಿನಷ್ಟೇ ಹಾಕಿ ಮತ್ತೆ ನೋಡಿ. ಜಾಸ್ತಿಯಾದರೆ "ಇರಲಿ ಬಿಡು" ಅನ್ನಬೇಡಿ: ತಿರುಗೋ ಗೇರುಗಳು ಎಣ್ಣೆ ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲಲ್ಲ, ಗೇರ್ ತಡವಾಗಿ ಬೀಳುತ್ತೆ. ಪ್ಲಗ್ಗು ಸಡಿಲಿಸಿ ಹೆಚ್ಚಿನದನ್ನ ಇಳಿಸಿ.

ಇದನ್ನ ಓದಿ ಬೇರೆ ವ್ಯಾನ್ ಇರೋ ನಿಮ್ಮ ಸ್ನೇಹಿತರೂ ಶುರು ಮಾಡೋ ಮುಂಚೆ ಒಂದು ಮಾತು. 2011ರ ನಂತರದ ಟೊಯೊಟಾ ಸಿಯೆನ್ನಾಕ್ಕೆ ಡಿಪ್‌ಸ್ಟಿಕ್ ಇಲ್ಲ. ಎಣ್ಣೆ ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್ ಇರುವಾಗ ಕೆಳಗಿನ ಕೊಳವೆಯಿಂದ ತುಳುಕೋ ಲೆಕ್ಕದಲ್ಲಿ ಮಟ್ಟ ನೋಡಬೇಕು. ಮೊದಲ ಸಲದವರಿಗೆ ಅದು ಬೇಡ. ಆರು ಗೇರಿನ ಕ್ರೈಸ್ಲರ್ ಟೌನ್ ಆಂಡ್ ಕಂಟ್ರಿಯಲ್ಲಿ ಡ್ರೇನ್ ಪ್ಲಗ್ಗೇ ಇಲ್ಲ, ತಳದ ಪ್ಯಾನನ್ನೇ ಬಿಚ್ಚಬೇಕು, ಎಣ್ಣೆಯೂ ಬೇರೆ, ಎಟಿಎಫ್+4. 2018ರಿಂದೀಚಿನ ಒಡಿಸ್ಸಿಗೂ ಡಿಡಬ್ಲ್ಯೂ-1 ನಡೆಯಲ್ಲ.

ಹಳೇ ಎಣ್ಣೆಯನ್ನ ಚರಂಡಿಗೆ, ಕಸಕ್ಕೆ ಹಾಕೋದು ಇಲ್ಲಿ ಅಪರಾಧ. ಅದೇ ಹಾಲಿನ ಕ್ಯಾನಿಗೆ ಮುಚ್ಚಳ ಬಿಗಿದು, "ಹಳೇ ಎಟಿಎಫ್" ಅಂತ ಬರೆದು ಆಟೋಝೋನ್, ಓ'ರೈಲಿಯಂಥ ಅಂಗಡಿಗೆ ಒಯ್ಯಿರಿ. ಬಹಳಷ್ಟು ಕಡೆ ಪುಕ್ಕಟೆ ತಗೋತಾರೆ. ಕೂಲಂಟ್, ಬ್ರೇಕ್ ಎಣ್ಣೆ ಅದರ ಜೊತೆ ಬೆರೆಸಿದ್ದರೆ ಮಾತ್ರ ವಾಪಸ್ ಕಳಿಸ್ತಾರೆ. ಮಾರ್ಚ್ ಕೊನೆಯಲ್ಲಿ ಮೊದಲನೇದು ಮಾಡಿದರೆ ಏಪ್ರಿಲ್ ಮುಗಿಯೋದರೊಳಗೆ ಮೂರೂ ಸುತ್ತು ಮುಗಿಯುತ್ತೆ. ಪ್ರತಿ ಸಲದ ತಾರೀಕು, ಮೈಲಿ, ಎಷ್ಟು ಬಿತ್ತು, ಎಷ್ಟು ಹಾಕಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ರಸೀದಿ ಜೊತೆ ಗ್ಲೋವ್ ಬಾಕ್ಸಿನಲ್ಲಿ ಇಡಿ, ಮುಂದೆ ಗಾಡಿ ಮಾರುವಾಗ ಕೇಳ್ತಾರೆ.